ಓದದೆ ಹಾಕಿದ ಒಂದು ಸಹಿ

ಅಕ್ಕೋರು ಬಸ್ಸಿನ ಟಿಕೀಟನ್ನೂ ಓದುತ್ತಿದ್ದರು. ಮುಂದಿನ ಬದಿ ಓದಿ, ಹಿಂದಿನ ಬದಿ ತಿರುವಿ, ಅಲ್ಲಿ ಏನೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಮಡಚಿ ಬಳೆಯ ಸಂದಿಗೆ ಸಿಕ್ಕಿಸುತ್ತಿದ್ದರು. ಕಡ್ಡಿಪೆಟ್ಟಿಗೆ, ಔಷಧದ ಬಾಟಲಿಗೆ ಅಂಟಿಸಿದ ಚೀಟಿ, ಸಿನಿಮಾದ ಕರಪತ್ರ, ಮಿರ್ಚಿ ಕಟ್ಟಿಕೊಟ್ಟ ಹಳೆಯ ಪತ್ರಿಕೆಯ ಚೂರು, ಅಕ್ಷರವಿದ್ದದ್ದು ಯಾವುದೂ ಅವರ ಕಣ್ಣು ತಪ್ಪಿಸಿ ಹೋಗುತ್ತಿರಲಿಲ್ಲ. ಓದುವಾಗ ತೋರುಬೆರಳು ಸಾಲಿನ ಕೆಳಗೆ ನಿಧಾನಕ್ಕೆ ಸರಿಯುತ್ತಿತ್ತು. ತುಟಿ ಸದ್ದಿಲ್ಲದೆ ಅಲುಗುತ್ತಿತ್ತು.

ನಮ್ಮ ಕಡೆ ಪಾಠ ಹೇಳುವ ಹೆಣ್ಣುಮಕ್ಕಳನ್ನು ಅಕ್ಕೋರು ಅನ್ನುತ್ತಾರೆ. ದೇವದುರ್ಗದ ಪ್ರಾಥಮಿಕ ಶಾಲೆಯಲ್ಲಿ ಬಹಳ ವರ್ಷ ಕಲಿಸಿದ ಈ ಅಕ್ಕೋರು ಹೋದ ಬೇಸಿಗೆಯಲ್ಲಿ ಮಾನ್ವಿಯ ತಮ್ಮ ಮನೆಯಲ್ಲಿ ತೀರಿಕೊಂಡರು. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಆಗಿನಿಂದ ಮಧ್ಯಾಹ್ನ ಊಟ ಮಾಡಿ ಅಡ್ಡಾದಾಗ, ನಿದ್ದೆ ಇನ್ನೂ ಪೂರ್ತಿ ಹತ್ತದ ಆ ಹೊತ್ತಿನಲ್ಲಿ, ಅವರು ಬಂದು ರಾಯಚೂರಿನ ನಮ್ಮ ಹಳೆಯ ಕಚೇರಿಯ ಬೆಂಚಿನ ಮೇಲೆ ಕೂಡುತ್ತಾರೆ. ಏನೂ ಕೇಳುವುದಿಲ್ಲ. ಸೆರಗಿನಿಂದ ಹಣೆ ಒರೆಸಿಕೊಂಡು ಗೋಡೆಯ ಮೇಲಿನ ಕ್ಯಾಲೆಂಡರನ್ನು ಓದುತ್ತಾ ಇರುತ್ತಾರೆ.

ಎಲ್ಲವನ್ನೂ ಓದುವ ಅಕ್ಕೋರು ತಮ್ಮ ಜನ್ಮದಲ್ಲಿ ಒಂದೇ ಒಂದು ಕಾಗದಕ್ಕೆ ಓದದೆ ಸಹಿ ಹಾಕಿದ್ದರು. ಹಾಕಿಸಿಕೊಂಡವನು ನಾನು.

ಆಗ ಎಪ್ಪತ್ತರ ದಶಕದ ನಡುಭಾಗ. ಚಂದ್ರಬಂಡದಲ್ಲಿ ಕುರಿ ಮೇಯಿಸಿಕೊಂಡು, ಜೋಳ ಬೆಳೆದುಕೊಂಡು ಇದ್ದ ನಮ್ಮ ಮನೆತನದಲ್ಲಿ ಕುರ್ಚಿಯ ಮೇಲೆ ಕೂತು ಪಗಾರ ತೆಗೆದುಕೊಂಡವನು ನಾನೇ ಮೊದಲು. ರಾಯಚೂರಿನಲ್ಲಿ ಮನೆ ಕಟ್ಟಲು ಸಾಲ ಕೊಡುವ ಒಂದು ಸಹಕಾರಿ ಸಂಘ. ಅದರಲ್ಲಿ ನಾನು ಗುಮಾಸ್ತ, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಕಚೇರಿಯ ಬೆನ್ನಿಗೇ ಹತ್ತಿ ಜಿನ್ನು. ಸುಗ್ಗಿಯ ತಿಂಗಳುಗಳಲ್ಲಿ ಹತ್ತಿಯ ಎಳೆಗಳು ಕಿಟಕಿಯಿಂದ ತೇಲಿ ಬಂದು ಕಡತಗಳ ಮೇಲೆ, ಮಸಿಯ ದೌತಿಯ ಮೇಲೆ, ನಮ್ಮ ಹುಬ್ಬಿನ ಮೇಲೆ ಕೂಡುತ್ತಿದ್ದವು. ಫ್ಯಾನು ಮೆಲ್ಲಗೆ ತಿರುಗುತ್ತಿತ್ತು. ಜಿನ್ನಿನ ಸದ್ದು ಎಲ್ಲೋ ನೀರಿನ ಆಳದಿಂದ ಬಂದಂತೆ ಕೇಳುತ್ತಿತ್ತು. ಅಲ್ಲಿ ಕೂತು ನಾವು ಎಚ್ಚರವಿದ್ದೆವೋ ಮಲಗಿದ್ದೆವೋ ಎಂದು ಈಗ ಯಾರಾದರೂ ಕೇಳಿದರೆ ನನಗೆ ಹೇಳಲಿಕ್ಕಾಗದು.

ಸಾಲದ ಅರ್ಜಿಯ ಜೊತೆಗೆ ಒಂದು ವಿಮೆಯ ಅರ್ಜಿ ಇರುತ್ತಿತ್ತು. ಸಾಲ ತೆಗೆದುಕೊಂಡವರಿಗೆ ಕಾಯಿಲೆ ಬಂದು ದುಡಿಮೆ ನಿಂತರೆ, ಚೇತರಿಸಿಕೊಳ್ಳುವ ತನಕ ಕಂತನ್ನು ವಿಮಾ ಕಂಪನಿ ತುಂಬುತ್ತದೆ ಎಂಬುದು ಅದರ ಮಾತು. ವಿಮೆಯ ಹಣವನ್ನು ಒಂದೇ ಸಲಕ್ಕೆ ಸಾಲದಲ್ಲೇ ಸೇರಿಸಿ ಬಿಡುತ್ತಿದ್ದೆವು. ಹೀಗಾಗಿ ಅದಕ್ಕೂ ಬಡ್ಡಿ ಬೀಳುತ್ತಿತ್ತು. ಬೇಕಾದವರಷ್ಟೇ ತೆಗೆದುಕೊಳ್ಳಬಹುದು ಎಂದು ಸುತ್ತೋಲೆಯಲ್ಲಿ ಸ್ಪಷ್ಟವಾಗಿತ್ತು. ಅದನ್ನು ನಾನು ಓದಿದ್ದೆ. ಆದರೆ ನಮ್ಮ ಕಾರ್ಯದರ್ಶಿಗಳು, 'ಬೇಕೇನ್ರಿ ಅಂತ ಕೇಳಿದ್ರ ಯಾರು ಹೂಂ ಅಂತಾರ? ಮಾಡ್ಲೇಬೇಕು ಅಂತ ಹೇಳ್ರಿ, ಮುಗೀತು' ಎಂದಿದ್ದರು. ದೀಪಾವಳಿಗೆ ಕಂಪನಿಯವರು ನಮಗೆಲ್ಲಾ ಒಂದೊಂದು ಕೈಗಡಿಯಾರ ಕೊಟ್ಟಿದ್ದರು.

ಅಕ್ಕೋರು ಬಂದದ್ದು ಅಂಥ ಒಂದು ಮಧ್ಯಾಹ್ನ. ತಿಳಿ ನೀಲಿ ಸೀರೆ, ಹೆಗಲಿಗೆ ಬಟ್ಟೆಯ ಚೀಲ. ಮಾನ್ವಿಯಲ್ಲಿ ಒಂದು ಜಾಗ ಕೊಂಡಿದ್ದರು. ತಾಯಿಗೂ ತಮಗೂ ಎರಡು ಕೋಣೆಯ ಮನೆ ಕಟ್ಟಬೇಕಿತ್ತು. ಸಾಲದ ಅರ್ಜಿಯನ್ನು ಮುಕ್ಕಾಲು ತಾಸು ಓದಿದರು. ಎರಡು ಕಡೆ ಕಾಗುಣಿತದ ತಪ್ಪು ತೋರಿಸಿದರು. ನಂತರ ವಿಮೆಯ ಕಾಗದ ಕೈಗೆ ಬಂತು.

"ಇದೇನ್ರಿ?"

"ಸಾಲದ ವಿಮಾ ರೀ. ನಾಳೆ ನಿಮಗ ಜಡ್ಡು ಬಂದು ಪಗಾರ ನಿಂತ್ರ ಕಂತು ಕಂಪನಿ ಕಟ್ಟತದ."

"ಬರೇ ಇಂಗ್ಲಿಷಿನ್ಯಾಗ ಅದ ಇದು. ನನಗ ಅಷ್ಟು ಬರಂಗಿಲ್ಲ. ನೀವು ಓದಿ ಹೇಳ್ರಿ."

ನನಗೆ ಊಟದ ಹೊತ್ತು ಮೀರಿತ್ತು. "ಎಲ್ಲಾರಿಗೂ ಇದೇ ಕಾಗದ ರೀ. ಓದೂವಂಥಾದ್ದು ಏನಿಲ್ಲ ಅದರಾಗ" ಎಂದೆ.

"ಮಾಡ್ಲೇಬೇಕೇನು?"

"ಮಾಡ್ಲೇಬೇಕ್ರಿ. ಇಲ್ಲಂದ್ರ ಸಾಲ ಮಂಜೂರ ಆಗಂಗಿಲ್ಲ."

ಅವರು ನನ್ನ ಮುಖವನ್ನು ಒಮ್ಮೆ ನೋಡಿದರು. ಸಹಿ ಮಾಡಿದರು. ದುಂಡಗಿನ ಅಕ್ಷರದ, ಮಕ್ಕಳಿಗೆ ತಿದ್ದಲು ಬರೆದುಕೊಟ್ಟಂಥ ಸಹಿ. ನಾನು ಠಸ್ಸೆ ಒತ್ತಿ ಬುತ್ತಿ ಬಿಚ್ಚಿದೆ.

ಮನೆ ಎದ್ದಿತು. ಕಂತು ತಪ್ಪದೆ ಬರುತ್ತಿತ್ತು. ಐದಾರು ವರ್ಷ ನಾನು ಅವರನ್ನು ನೋಡಲಿಲ್ಲ.

ಅಕ್ಕೋರ ತಾಯಿ ಒಂದು ಕಾಲಕ್ಕೆ ಅದೇ ನಮ್ಮ ಕಚೇರಿಯ ಹಿಂದಿನ ಜಿನ್ನಿನಲ್ಲಿ ಹತ್ತಿ ಹೊರುತ್ತಿದ್ದವರು. ಮಗಳನ್ನು ಹತ್ತಿಯ ರಾಶಿಯ ಮೇಲೆಯೇ ಮಲಗಿಸಿ ದುಡಿಯುತ್ತಿದ್ದರಂತೆ. ಕೂಸಾಗಿದ್ದಾಗ ಎದೆಗೆ ಇಳಿದ ಆ ಧೂಳು ನಲವತ್ತರ ಹೊತ್ತಿಗೆ ಎದ್ದು ಕೂತಿತು. ಕೆಮ್ಮು, ಜ್ವರ, ದವಾಖಾನೆ. ಇದ್ದ ರಜೆಯೆಲ್ಲ ತೀರಿ, ಅಕ್ಕೋರು ಪಗಾರವಿಲ್ಲದೆ ಆರು ತಿಂಗಳು ಮಲಗಿದರು. ಆಗ ವಿಮೆಯ ನೆನಪಾಗಿ ಕಂಪನಿಗೆ ಬರೆದರು. ಎರಡು ಸಾಲಿನ ಉತ್ತರ ಬಂತು. ಅದನ್ನು ಹಿಡಿದುಕೊಂಡು ಒಂದು ಶನಿವಾರ ಕಚೇರಿಗೆ ಬಂದಾಗ ನನಗೆ ಗುರುತೇ ಹತ್ತಲಿಲ್ಲ. ಅರ್ಧ ಕರಗಿ ಹೋಗಿದ್ದರು. ಕುತ್ತಿಗೆಯ ನರ ಎಣಿಸಬಹುದಿತ್ತು.

"ಅವತ್ತು ಓದಿ ಹೇಳಲಿಲ್ಲಲ್ಲ, ಇವತ್ತು ಹೇಳ್ರಿ" ಎಂದು ಉತ್ತರವನ್ನೂ ಹಳೆಯ ವಿಮೆಯ ಪತ್ರವನ್ನೂ ನನ್ನ ಮುಂದಿಟ್ಟರು.

ಓದಿದೆ. ಆ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ನಾನೂ ಓದಿದ್ದು ಅಂದೇ ಮೊದಲು. ಮೂರನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ಒಂದು ಷರತ್ತು: ಸರಕಾರಿ ನೌಕರಿಯಲ್ಲಿರುವವರಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ. ಅವರಿಗೆ ಸರಕಾರವೇ ಕಾಯಿಲೆ ರಜೆ ಕೊಡುತ್ತದೆ, ಆದ್ದರಿಂದ. ನಮ್ಮ ಸಂಘದ ಸಾಲಗಾರರು ಯಾರು? ಶಾಲೆಯ ಮಾಸ್ತರರು, ನರ್ಸುಗಳು, ಲೈನ್‌ಮನ್‌ಗಳು, ತಹಶೀಲು ಕಚೇರಿಯ ಜವಾನರು. ಬಹುತೇಕ ಎಲ್ಲರೂ ಸರಕಾರಿ ನೌಕರರು. ಕನ್ನಡದಲ್ಲಿ ಹೇಳುವಾಗ ನನ್ನ ದನಿ ನನಗೇ ದೂರದಿಂದ ಕೇಳಿದಂತಾಯಿತು.

ಹತ್ತಿಯ ಎಳೆಯೊಂದು ಬಂದು ಅಕ್ಕೋರ ಮುಂಗೈ ಮೇಲೆ ಕೂತಿತು. ಅದನ್ನೇ ನೋಡುತ್ತಾ ಕೇಳಿದರು.

"ಅಂದ್ರ ಮೊದಲನೇ ದಿನದಿಂದನೂ ಇದು ನನಗ ಸಲ್ಲೂವಂಥಾದ್ದಲ್ಲ."

"ಹೌದ್ರಿ."

"ನೀವು ಅವತ್ತು ಓದಿದ್ರೇನು?"

"ಇಲ್ರಿ."

"ನಾನೂ ಓದಲಿಲ್ಲ. ಕೊಟ್ಟಾವರೂ ಓದಿಲ್ಲ, ತಗೊಂಡಾವರೂ ಓದಿಲ್ಲ." ಕೆಮ್ಮು ಬಂತು, ತಡೆದುಕೊಂಡರು. "ನನಗ ಜಡ್ಡಿನ ರೊಕ್ಕ ಬ್ಯಾಡ. ಕಂತು ನಾ ಹೆಂಗೋ ಕಟ್ಟಿದೆ. ನನಗ ಸಲ್ಲದ್ದನ್ನ ನನಗ ಮಾರಿದ್ರಲ್ಲ, ಅದನ್ನ ವಾಪಸ್ ತಗೋರಿ. ಅದಕ್ಕ ಹಿಡಿದ ಬಡ್ಡಿನೂ ವಾಪಸ್ ಕೊಡ್ರಿ. ಅಷ್ಟೇ."

ಅಷ್ಟೇ ಎಂದದ್ದಕ್ಕೆ ಒಂದೂವರೆ ವರ್ಷ ಹಿಡಿಯಿತು.

ತಿಂಗಳಿಗೆ ಎರಡು ಶನಿವಾರ ಬೆಳಗಿನ ಶಾಲೆ ಮುಗಿಸಿ ದೇವದುರ್ಗದ ಬಸ್ಸಿನಲ್ಲಿ ಬರುತ್ತಿದ್ದರು. ಪ್ರತಿ ಸಲ ಚೀಲದಲ್ಲಿ ಒಂದು ಪತ್ರ, ಕೈಬರಹದ್ದು, ಕನ್ನಡದಲ್ಲಿ. ಮೂರು ಪ್ರತಿ. ಕಂಪನಿಗೊಂದು, ಸಂಘಕ್ಕೊಂದು, ತಮಗೊಂದು. 'ತಮ್ಮ ವಿಶ್ವಾಸಿ' ಎಂದು ಬರೆಯುತ್ತಿರಲಿಲ್ಲ. 'ತಮಗೆ ಉತ್ತರ ಕೇಳುತ್ತಿರುವ' ಎಂದು ಬರೆದು ಸಹಿ ಮಾಡುತ್ತಿದ್ದರು. ಪತ್ರ ಕೊಟ್ಟು, ಠಸ್ಸೆ ಹಾಕಿಸಿಕೊಂಡು, ಸಂಜೆಯ ಬಸ್ಸಿನ ತನಕ ಬೆಂಚಿನ ಮೇಲೆ ಕೂಡುತ್ತಿದ್ದರು. ಕುದಿಸಿದ ಶೇಂಗಾ ತಂದಿದ್ದರೆ ಎಲ್ಲರ ಮೇಜಿನ ಮೇಲೂ ಒಂದೊಂದು ಹಿಡಿ ಇಡುತ್ತಿದ್ದರು. ಕಾರ್ಯದರ್ಶಿಗಳ ಮೇಜಿನ ಮೇಲೂ. ಒಂದು ದಿನ ನೋಡುತ್ತೇನೆ, ನಮ್ಮ ಸೂಚನಾ ಫಲಕದ ಹತ್ತಿರ ನಿಂತು ಕೆಂಪು ಪೆನ್ಸಿಲಿನಿಂದ ತಪ್ಪು ತಿದ್ದುತ್ತಿದ್ದಾರೆ. ಕೆಳಗೆ ಹತ್ತಕ್ಕೆ ಆರು ಅಂಕ ಹಾಕಿದ್ದರು. ಬಹಳ ದಿನ ಅದನ್ನು ಯಾರೂ ಅಳಿಸಲಿಲ್ಲ.

ಕೆಲವೊಮ್ಮೆ ಬೆಂಚಿನ ಮೇಲೆಯೇ ಜೊಂಪು ಹತ್ತುತ್ತಿತ್ತು. ಎಚ್ಚರಾದಾಗ ನಿದ್ದೆಯ ಅಂಚಿನಲ್ಲೇ ನಿಂತು ಮಾತಾಡಿದಂತೆ ಮಾತಾಡುತ್ತಿದ್ದರು.

"ಜ್ವರ ಏರಿದಾಗ ನಮ್ಮ ಮನಿ ತೇಲತಿತ್ತು ನೋಡ್ರಿ" ಎಂದರು ಒಮ್ಮೆ. "ಬುನಾದಿ ಬಿಟ್ಟು ಮ್ಯಾಲೆ ಎದ್ದು, ಹೊಲದ ಮ್ಯಾಲೆ ಹಾದು ಹೊಂಟಿತ್ತು. ನಾ ಕಿಟಕ್ಯಾಗಿಂದ ಕೆಳಗ ನೋಡಾಕತ್ತಿದ್ದೆ. ಜೋಳದ ಹೊಲ, ಹಳ್ಳ, ನೀರಮಾನ್ವಿ ಯಲ್ಲಮ್ಮನ ಗುಡಿ, ಎಲ್ಲಾ ಸಣ್ಣಸಣ್ಣವು. ಅಂಜಿಕಿ ಬರಲಿಲ್ಲ. ಕಂತು ಕಟ್ಟಿಲ್ಲ, ಅದಕ್ಕ ನಮ್ಮ ಮನಿ ಹೊಂಟದ, ಯಾರೋ ಒಯ್ಯಾಕತ್ತಾರ, ಅಂತ ಮಾತ್ರ ಅನಸ್ತು. ಅವ್ವ ಒಳಗ ರೊಟ್ಟಿ ಬಡೀತಿದ್ಲು. ಆಕಿಗೆ ಗೊತ್ತೇ ಇಲ್ಲ."

ನಾನು ಕಡತದಲ್ಲಿ ತಲೆ ಹುದುಗಿಸಿದೆ.

ಕೊನೆಗೆ ಕಂಪನಿಯಿಂದ ಒಂದು ಪ್ರಶ್ನೆ ಬಂತು. ವಿಮೆ ಐಚ್ಛಿಕವಾಗಿತ್ತು, ತಾವೇ ಒಪ್ಪಿ ಸಹಿ ಹಾಕಿದ್ದೀರಿ. ಕಡ್ಡಾಯವೆಂದು ತಮಗೆ ಹೇಳಲಾಯಿತು ಎಂಬುದಕ್ಕೆ ಸಾಕ್ಷಿ ಏನು? ಕಾರ್ಯದರ್ಶಿಗಳು ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. ಕೆಟ್ಟ ಮನುಷ್ಯರಲ್ಲ. ಆದರೆ ಅಂದು ಅವರ ದನಿ ಗಟ್ಟಿಯಿತ್ತು.

"ನೀವು ಹಂಗ ಹೇಳಿಲ್ಲ. ತಿಳೀತಿಲ್ಲೋ? ಇಷ್ಟು ವರ್ಷ ಆದ ಮ್ಯಾಲೆ ನಿಮ್ಮ ಕಾಯಂ ಆರ್ಡರು ಬಂದು ನನ್ನ ಮೇಜಿನ ಮ್ಯಾಲೇ ಅದ."

ಹೊರಗೆ ಬಂದಾಗ ಅಕ್ಕೋರು ಬೆಂಚಿನ ಮೇಲಿದ್ದರು. ಕಂಪನಿಯ ಪ್ರಶ್ನೆಯನ್ನು ಅವರೂ ಓದಿದ್ದರು. ಚೀಲ ಹೆಗಲಿಗೆ ಹಾಕಿಕೊಂಡು ಎದ್ದು ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ನಿಮ್ಮ ಹೆಸರು ನಾ ಬರಿಯಾಂಗಿಲ್ಲ. ಬರಿಯೂದಾದ್ರ ನೀವೇ ಬರೀರಿ. ನಾ ಕೇಳಂಗೂ ಇಲ್ಲ." ಬಸ್ಸಿನ ಹೊತ್ತಾಗಿತ್ತು, ಹೋದರು.

ಮುಂದಿನ ಎರಡು ಶನಿವಾರ ಅವರು ಬರಲಿಲ್ಲ. ಬೆಂಚು ಖಾಲಿ ಇತ್ತು. ನನಗೆ ಅನ್ನ ರುಚಿಸದಾಯಿತು. ಯಾಕೆ ಹೋಗುತ್ತಿದ್ದೇನೆಂದು ನನಗೇ ತಿಳಿಯದೆ ಒಂದು ಭಾನುವಾರ ಮಾನ್ವಿಯ ಬಸ್ಸು ಹತ್ತಿದೆ. ಕಪ್ಪು ನೆಲ ಬಿಸಿಲಿಗೆ ನೀರಿನಂತೆ ಅಲುಗುತ್ತಿತ್ತು. ಬಸ್ಸು ಅದರ ಮೇಲೆ ತೇಲಿಕೊಂಡು ಹೋಗುತ್ತಿರುವಂತೆ ಅನಿಸಿ, ಅಕ್ಕೋರ ಜ್ವರದ ಮನೆ ನೆನಪಾಗಿ, ಕಿಟಕಿಯಿಂದ ಕಣ್ಣು ತೆಗೆದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಎರಡು ಕೋಣೆ, ಮುಂದೊಂದು ಬೇವಿನ ಸಸಿ. ಮುಂಗೋಡೆಗೆ ಗಿಲಾವು ಆಗಿತ್ತು, ಪಕ್ಕದ ಗೋಡೆಗೆ ಆಗಿರಲಿಲ್ಲ. ಬಾಗಿಲಲ್ಲಿ ಅವರ ತಾಯಿ ಅಕ್ಕಿ ಆರಿಸುತ್ತಾ ಕೂತಿದ್ದರು. ಒಳಗೆ ಗೋಡೆಯ ಮೇಲೆ ಬುದ್ಧನ ಒಂದು ಪಟ. ಅಕ್ಕೋರು ಚಾಪೆಯ ಮೇಲೆ ದಿಂಬಿಗೆ ಒರಗಿ ಮಕ್ಕಳ ಪರೀಕ್ಷೆಯ ಪೇಪರು ತಿದ್ದುತ್ತಿದ್ದರು. ಮತ್ತೆ ಜ್ವರ ಬಂದು ಹೋಗಿತ್ತು.

"ಯಾರವ್ವಾ ಇವ್ರು?" ತಾಯಿ ಕೇಳಿದರು.

"ರಾಯಚೂರು ಸಂಘದಾವ್ರು. ನಮ್ಮ ಸಾಲದ ಕಾಗದ ಮಾಡಿದಾವ್ರು."

ಮುದುಕಿ ಕೈಮುಗಿದರು. "ಯಪ್ಪಾ, ನಿಮ್ಮಿಂದ ನೆರಳಾತು ನಮಗ" ಎಂದರು. ಅದಕ್ಕಿಂತ ಅವರು ಬೈದಿದ್ದರೆ ಲೇಸಿತ್ತು.

ಅಕ್ಕೋರು ಎದ್ದು ಇನ್ನೊಂದು ಚಾಪೆ ಹಾಸಿದರು. ಆಮೇಲೆ ತರಗತಿಯಲ್ಲಿ ಹಾಜರಿ ಕೂಗುವ ದನಿಯಲ್ಲಿ, "ನಮ್ಮನ್ಯಾಗ ಚಾ ಕುಡಿತೀರೇನ್ರಿ?" ಎಂದು ಕೇಳಿದರು. ಆ ಪ್ರಶ್ನೆ ಚಹಾದ್ದಷ್ಟೇ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನಮ್ಮೂರಿನಲ್ಲಿ ಅವರ ಜಾತಿಯವರ ಓಣಿಯ ನೀರನ್ನೂ ನಮ್ಮವರು ಮುಟ್ಟುತ್ತಿರಲಿಲ್ಲ. ಕುಡಿಯುತ್ತೇನೆ ಎಂದೆ. ಕುಡಿದೆ. ಸಕ್ಕರೆ ಹೆಚ್ಚಾಗಿತ್ತು. ಸಾಲದ ಮಾತನ್ನು ನಾವು ಯಾರೂ ಎತ್ತಲಿಲ್ಲ. ಅಕ್ಕೋರು ಒಬ್ಬ ಹುಡುಗಿಯ ಉತ್ತರ ಓದಿ ನಕ್ಕರು. ಹಸುವಿನ ಉಪಯೋಗಗಳನ್ನು ಬರೆಯಿರಿ ಎಂದರೆ ಆಕೆ, 'ನಮ್ಮಲ್ಲಿ ಹಸು ಇಲ್ಲ' ಎಂದು ಬರೆದಿದ್ದಳು. "ಪೂರಾ ಅಂಕ ಕೊಡ್ತೀನಿ. ಖರೇ ಬರ್ದಾಳ" ಎಂದರು.

ವಾಪಸ್ಸು ಬಂದವನೇ ಕೂತು ಬರೆದೆ. ಈ ಅರ್ಜಿದಾರರಿಗೆ ವಿಮೆ ಕಡ್ಡಾಯವೆಂದು ನಾನೇ ಹೇಳಿದೆ. ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಷರತ್ತುಗಳನ್ನು ಓದಿ ಹೇಳಲು ಅವರು ಕೇಳಿದಾಗ ನಾನು ಓದಲಿಲ್ಲ. ನಾಲ್ಕೇ ಸಾಲು. ಕಾರ್ಯದರ್ಶಿಗಳ ಹೆಸರು ಬರೆಯಲಿಲ್ಲ. ಅದು ಧೈರ್ಯವೋ ಪುಕ್ಕಲುತನವೋ ಇಂದಿಗೂ ಇತ್ಯರ್ಥವಾಗಿಲ್ಲ. ಸೋಮವಾರ ಅದನ್ನು ಅಕ್ಕೋರ ಕಡತಕ್ಕೆ ಸೇರಿಸಿ, ಒಂದು ಪ್ರತಿಯನ್ನು ಕಂಪನಿಗೆ, ಒಂದನ್ನು ಅಕ್ಕೋರಿಗೆ ತಪಾಲಿನಲ್ಲಿ ಹಾಕಿದೆ.

ನನ್ನ ಕಾಯಂ ಆರ್ಡರು ಮೇಜಿನ ಮೇಲಿಂದ ಒಳಗಿನ ಖಾನೆಗೆ ಹೋಯಿತು. ನನ್ನನ್ನು ದೇವದುರ್ಗದ ಸಣ್ಣ ಶಾಖೆಗೆ ಹಾಕಿದರು. ಅಲ್ಲಿಗೆ ಹೋದ ವಾರವೇ ಅಕ್ಕೋರು ಶಾಲೆ ಬಿಟ್ಟ ಮೇಲೆ ಶಾಖೆಗೆ ಬಂದರು. ನನ್ನ ಹೇಳಿಕೆಯ ನಕಲು ಅವರ ಕೈಯಲ್ಲಿತ್ತು.

"ಒಂದು ವರ್ಷ ನಿಮ್ಮ ಮ್ಯಾಲೆ ಭಾಳ ಸಿಟ್ಟಿತ್ತು ನನಗ" ಎಂದರು. "ಶೇಂಗಾ ಕೊಡೂವಾಗೂ ಇತ್ತು. ನಿಮಗ ಗೊತ್ತಾತೇನು?"

"ಇಲ್ರಿ."

"ಗೊತ್ತಾಗಬಾರ್ದು ಅಂತನೇ ಕೊಡ್ತಿದ್ದೆ." ಕಾಗದ ಮಡಚಿದರು. "ಈಗ ಇಲ್ಲ."

ಕಂಪನಿಯವರು ಮೊದಲು ಅರ್ಧ ಕೊಡುತ್ತೇವೆ, ಅದೂ ಸೌಹಾರ್ದಕ್ಕಾಗಿ, ತಪ್ಪೆಂದು ಅಲ್ಲ ಎಂದು ಬರೆದರು. ನಾನು ತೆಗೆದುಕೊಳ್ಳಿ ಎಂದೆ. ಅವರ ಎದೆಯ ಸ್ಥಿತಿ ನನಗೆ ಗೊತ್ತಿತ್ತು. ಅಕ್ಕೋರು ತಲೆ ಅಲ್ಲಾಡಿಸಿದರು. "ಸೌಹಾರ್ದ ಬೇಕಾಗಿದ್ರ ನಾ ಅವರ ಮನಿಗೆ ಹೋಗ್ತಿದ್ದೆ. ನನಗ ಬೇಕಾಗಿದ್ದು, ಇದು ತಪ್ಪಾತು ಅನ್ನೂ ಒಂದು ಸಾಲು." ಮತ್ತೆ ಪತ್ರ. ಮತ್ತೆ ಮೂರು ಪ್ರತಿ. ಆ ಮಳೆಗಾಲ ಕಳೆದು ಚಳಿ ಬೀಳುವ ಹೊತ್ತಿಗೆ ಪೂರ್ತಿ ಹಣ, ಅದರ ಮೇಲೆ ಹಿಡಿದ ಬಡ್ಡಿ, ಜೊತೆಗೆ ಒಂದು ಪತ್ರ ಬಂದವು. ಈ ವಿಮೆಯನ್ನು ತಮಗೆ ನೀಡಬಾರದಿತ್ತು ಎಂದು ಅದರಲ್ಲಿತ್ತು. ಅವರು ಆ ಸಾಲನ್ನು ಬೆರಳಿಟ್ಟು ಮೂರು ಸಲ ಓದಿದರು. ಹಣದ ಚೆಕ್ಕು ನೆಲಕ್ಕೆ ಬಿದ್ದಿತ್ತು. ನಾನೇ ಎತ್ತಿಕೊಟ್ಟೆ.

ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಮಾನ್ವಿಯ ಒಬ್ಬ ಲೈನ್‌ಮನ್, ದೇವದುರ್ಗದ ದವಾಖಾನೆಯ ಇಬ್ಬರು ನರ್ಸುಗಳು, ಅಕ್ಕೋರ ಜೊತೆ ಕಲಿಸುತ್ತಿದ್ದ ಮಾಸ್ತರರು, ಒಬ್ಬೊಬ್ಬರಾಗಿ ಬಂದು ಶಾಖೆಯ ಬೆಂಚಿನ ಮೇಲೆ ಕೂತರು. ಪತ್ರ ಬರೆದುಕೊಡಿ ಎಂದರೆ ಅಕ್ಕೋರು ಬರೆದುಕೊಡುತ್ತಿರಲಿಲ್ಲ. ಎದುರಿಗೆ ಕೂತು ಅವರಿಂದಲೇ ಬರೆಸುತ್ತಿದ್ದರು, ತಪ್ಪಿದರೆ ಹೊಡೆದು ಹಾಕಿಸಿ ಮತ್ತೆ. ನಾನು ಪ್ರತಿಯೊಬ್ಬರಿಗೂ ಅದೇ ನಾಲ್ಕು ಸಾಲು ಬರೆದುಕೊಟ್ಟೆ. ಕೆಲವರಿಗೆ ಹಣ ಬಂತು. ಕೆಲವರಿಗೆ ಬರಲಿಲ್ಲ. ಕೆಲವರು ಬೇಸತ್ತು ಅರ್ಧಕ್ಕೆ ಒಪ್ಪಿದರು. ಅಕ್ಕೋರು ಅವರನ್ನು ಏನೂ ಅನ್ನಲಿಲ್ಲ. ಎರಡು ವರ್ಷದ ಮೇಲೆ ಹೊಸ ಕಾರ್ಯದರ್ಶಿ ಬಂದು ನನ್ನ ಕಾಯಂ ಆರ್ಡರಿಗೆ ಸಹಿ ಮಾಡಿದರು.

ಬಂದ ಹಣದಲ್ಲಿ ಪಕ್ಕದ ಗೋಡೆಗೆ ಗಿಲಾವು ಮಾಡಿಸುತ್ತಾರೆಂದು ನಾನು ಎಣಿಸಿದ್ದೆ. ಅವರು ಮಾಡಿಸಲಿಲ್ಲ. ಬೇಸಿಗೆಯ ರಜೆಯಲ್ಲಿ ತಾಯಿಯನ್ನು ಕರೆದುಕೊಂಡು ರಾಯಚೂರು ಸ್ಟೇಷನ್ನಿನಿಂದ ಮದ್ರಾಸಿನ ಗಾಡಿ ಹತ್ತಿದರು. ಜಿನ್ನಿನಲ್ಲಿದ್ದಷ್ಟು ವರ್ಷ ಆ ತಾಯಿ ದಿನಾ ಆ ಗಾಡಿಯ ಕೂಗು ಕೇಳಿದ್ದರಂತೆ, ಒಮ್ಮೆಯೂ ಹತ್ತಿರಲಿಲ್ಲ. ನಾನು ಬೀಳ್ಕೊಡಲು ಹೋಗಿದ್ದೆ. ಮುದುಕಿ ಕಿಟಕಿಯ ಸರಳನ್ನು ಎರಡೂ ಕೈಯಿಂದ ಹಿಡಿದು, ಗಾಡಿ ಹೊರಡುವ ಮೊದಲೇ ಕಣ್ಣು ಮುಚ್ಚಿಕೊಂಡಿದ್ದರು.

ಶಾಲೆ ತೆರೆದ ಮೇಲೆ ಒಂದು ಸಂಜೆ ಅಕ್ಕೋರು ಶಾಖೆಗೆ ಬಂದರು. ಬಿಸಿಲಿಗೆ ಕಪ್ಪಾಗಿದ್ದರು. ಆದರೆ ಅಷ್ಟು ಹಗುರಾಗಿ ಅವರು ಉಸಿರಾಡಿದ್ದನ್ನು ನಾನು ಮೊದಲು ಕಂಡಿರಲಿಲ್ಲ. ಮದ್ರಾಸಿನ ಸಮುದ್ರ ಹೇಗಿತ್ತು ಎಂದು ಕೇಳಿದೆ.

"ಅವ್ವ ಮೊದಲು ನಂಬಲಿಲ್ಲ. ಒಂದು ಬೊಗಸಿ ತಗೊಂಡು ನಾಲಿಗಿಗೆ ಹಚ್ಚಿ ನೋಡಿದ್ಲು. ಆಮ್ಯಾಲೆ ಕೇಳಿದ್ಲು, 'ಇಷ್ಟೂ ನೀರು ಯಾರ ಹೆಸರಿಗದ?' ಅಂತ."

"ನೀವೇನಂದ್ರಿ?"

"ಯಾರ ಹೆಸರಿಗೂ ಇಲ್ಲವ್ವಾ ಅಂದೆ. ಅದನ್ನೂ ನಂಬಲಿಲ್ಲ. ಉಸುಕಿನ್ಯಾಗ ಕುಂತ್ಲು. ಏಳವ್ವಾ, ಊಟದ ಹೊತ್ತಾತು ಅಂದೆ. ಏಳಲಿಲ್ಲ. ಬಿಸಿಲು ಇಳೀತು, ದೀಪ ಹತ್ತಿದ್ವು, ಮಂದಿ ಎಲ್ಲಾ ಎದ್ದು ಹ್ವಾದ್ರು. ಮತ್ತೆ ಕರದೆ. ಆಕಿ ಹೊಳ್ಳಿನೂ ನೋಡಲಿಲ್ಲ."

ಅಕ್ಕೋರು ಕಿಟಕಿಯ ಹೊರಗೆ ನೋಡಿದರು.

"ಕಡೀಗೆ ನಾನೂ ಕುಂತೆ" ಎಂದರು.